‘ನರ ಹಿಡ್ಕೊಂಡೈತೆ’ ಅಂದರೆ ಯಾವ ನರ? ನಿಮ್ಮ ಮೈಯಲ್ಲೇ ನರಮಂಡಲ ಹುಡುಕುವ ಕ್ರಮ

ಕೋಲಾರದಲ್ಲಿ ಫಿಸಿಯೋಥೆರಪಿ ಕೆಲಸ ಹಿಡಿದು ಹದಿನೆಂಟು ವರ್ಷವಾಯಿತು. ಇಷ್ಟು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಮಾತು ಒಂದೇ: ‘ಮೇಡಮ್, ನರ ಹಿಡ್ಕೊಂಡೈತೆ.’ ಮಾರ್ಕೆಟ್ಟಿನಲ್ಲಿ ಹದಿನೈದು ಕೆ.ಜಿ. ಟೊಮೆಟೊ ಬಾಕ್ಸ್ ಎತ್ತಿ ಎತ್ತಿ ಸೊಂಟ ಹಿಡಿದವರೂ ಹಾಗೇ ಹೇಳುತ್ತಾರೆ. ನಡುರಾತ್ರಿ ಮೀನಖಂಡ ಸೆಳೆದುಕೊಂಡು ಎದ್ದು ಕೂತವರೂ ಹಾಗೇ ಹೇಳುತ್ತಾರೆ. ಕಾಲಿನ ಮೇಲೆ ನೀಲಿ ಗಂಟು ಕಂಡವರು ‘ನರ ಎದ್ದೈತೆ’ ಅನ್ನುತ್ತಾರೆ. ನಮ್ಮ ಕಡೆ ಮನೆಯಲ್ಲಿ ತೆಲುಗು ಆಡುವವರೂ ಬಹಳ. ಅವರು ‘ನರಂ ಪಟ್ಟೇಸಿಂದಿ’ ಅನ್ನುತ್ತಾರೆ. ಭಾಷೆ ಬದಲಾದರೂ ಗೊಂದಲ ಅದೇ.

ಮೊದಲೆರಡು ಸಾಮಾನ್ಯವಾಗಿ ಸ್ನಾಯುವಿನ ತೊಂದರೆ, ಮೂರನೆಯದು ರಕ್ತನಾಳದ್ದು. ನಿಜವಾಗಿ ನರ ಕೆಟ್ಟವರು ಎಷ್ಟೋ ಸಲ ಆ ಪದವನ್ನೇ ಎತ್ತುವುದಿಲ್ಲ. ‘ಚಪ್ಪಲಿ ಕಾಲಿಂದ ಜಾರಿ ಹೋದ್ರೂ ಗೊತ್ತಾಗಲ್ಲಮ್ಮ’ ಅಂತ ನಗುತ್ತಾ ಹೇಳಿ ಸುಮ್ಮನಾಗುತ್ತಾರೆ.

ಕನ್ನಡದ ‘ನರ’ ಬಹಳ ಉದಾರಿ. ರಕ್ತ ಹರಿಯುವ ನಾಳ, ಸ್ನಾಯುವನ್ನು ಮೂಳೆಗೆ ಕಟ್ಟಿರುವ ಹುರಿ, ಸುದ್ದಿ ಸಾಗಿಸುವ ತಂತು, ಮೂರಕ್ಕೂ ಅದೊಂದೇ ಹೆಸರು. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿನ ‘ನರದೌರ್ಬಲ್ಯ’ದ ಜಾಹೀರಾತನ್ನೂ ಸೇರಿಸಿಕೊಂಡರೆ ನಾಲ್ಕು. ಅದಕ್ಕೂ ನರಕ್ಕೂ ಎಳ್ಳಷ್ಟೂ ಸಂಬಂಧವಿಲ್ಲ, ಅದನ್ನು ಗೋಡೆಗೇ ಬಿಡೋಣ. ಉಳಿದ ಮೂರನ್ನು ಬಿಡಿಸಿಕೊಂಡು ನಿಜವಾದ ನರದ ಜಾಡು ಹಿಡಿದು ಬೆನ್ನಿಗೂ ತಲೆಗೂ ಹೋಗುವುದು ಹೇಗೆ ಎಂಬುದು ಈ ಬರಹ. ಮನೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಚಿತ್ರ ಬರೆದು ಭಾಗ ಗುರುತಿಸುವ ನಾಲ್ಕು ಅಂಕದ ಪ್ರಶ್ನೆಗೂ ಉಪಯೋಗವಾದೀತು.

ಬೇಕಾದ ಸಾಮಾನು ಮನೆಯಲ್ಲೇ ಇದೆ: ಬಾಲ್ ಪೆನ್ನು, ಚೂರು ಹತ್ತಿ, 30 ಸೆಂ.ಮೀ. ಸ್ಕೇಲು, ಒಂದು ಹೇರ್‌ಪಿನ್ನು, ಮೊಬೈಲಿನ ಟಾರ್ಚು, ಜೊತೆಗೆ ಒಬ್ಬರು.

ಹೆಜ್ಜೆ 1: ಮಣಿಕಟ್ಟಿನಲ್ಲಿ ಮೂರನ್ನು ಬೇರ್ಪಡಿಸಿ

ಅಂಗೈ ಮೇಲೆ ಮಾಡಿ ಕೈಯನ್ನು ಮೇಜಿನ ಮೇಲಿಡಿ. ಮಣಿಕಟ್ಟಿನ ಮೇಲೆ ಹಸಿರೋ ನೀಲಿಯೋ ಆಗಿ ಕಾಣುವ ಗೆರೆಗಳು ಅಭಿಧಮನಿಗಳು, ಅಂದರೆ ರಕ್ತನಾಳ. ಅನುಮಾನವಿದ್ದರೆ ಕೈ ತಿರುಗಿಸಿ, ಹಿಂಗೈ ಮೇಲೆ ಉಬ್ಬಿದ ಒಂದನ್ನು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಭುಜದ ಕಡೆಗೆ ಸವರಿ. ಆ ಗೆರೆ ಚಪ್ಪಟೆಯಾಗುತ್ತದೆ. ಒತ್ತಿದ ಬೆರಳು ಎತ್ತಿದರೆ ಮತ್ತೆ ತುಂಬುತ್ತದೆ. ಒಳಗೆ ಹರಿಯುವುದು ಏನೋ ಇದ್ದರೆ ಮಾತ್ರ ಹೀಗಾಗುತ್ತದೆ. ಡ್ರಿಪ್ ಹಾಕುವಾಗ ನರ್ಸಮ್ಮ ‘ನರ ಸಿಗ್ತಾ ಇಲ್ಲ’ ಅನ್ನುವುದು ಇದನ್ನೇ.

ಈಗ ಹೆಬ್ಬೆರಳು ಕಿರುಬೆರಳು ಎರಡರ ತುದಿ ಸೇರಿಸಿ, ಮಣಿಕಟ್ಟನ್ನು ಸ್ವಲ್ಪ ಒಳಗೆ ಬಾಗಿಸಿ. ನಡುವೆ ಹಗ್ಗದ ಹಾಗೆ ಒಂದು ಏಳುತ್ತದೆ. ಅದು ಸ್ನಾಯುರಜ್ಜು, ಬರೀ ಹುರಿ. ಎಳೆಯುವುದಷ್ಟೇ ಅದರ ಕೆಲಸ. ಕೆಲವರಿಗೆ ಹುಟ್ಟಿನಿಂದಲೇ ಅದು ಇರುವುದಿಲ್ಲ, ಕೆಲವರಿಗೆ ಒಂದೇ ಕೈಯಲ್ಲಿರುತ್ತದೆ. ಇಲ್ಲದಿದ್ದರೆ ಗಾಬರಿ ಬೇಡ, ಹಿಡಿತಕ್ಕೇನೂ ಕಡಿಮೆಯಾಗುವುದಿಲ್ಲ.

ಮೂರನೆಯದು, ನಿಜವಾದ ನರ, ಕಾಣುವುದಿಲ್ಲ. ಆ ಹುರಿಯ ಕೆಳಗೆ, ಸ್ವಲ್ಪ ಹೆಬ್ಬೆರಳಿನ ಕಡೆಗೆ ಸರಿದು ಮಲಗಿದೆ. ಅದರ ಹೆಸರು ಮೀಡಿಯನ್ ನರ. ಅದು ಬಡಿಯುವುದಿಲ್ಲ, ಉಬ್ಬುವುದಿಲ್ಲ, ಹಿಡಿದುಕೊಳ್ಳುವುದಂತೂ ಇಲ್ಲವೇ ಇಲ್ಲ. ನರವನ್ನು ಬೇರೆಯದು ಒತ್ತಬಹುದು. ತಾನಾಗಿ ಬಿಗಿಯುವ ಶಕ್ತಿ ಅದಕ್ಕಿಲ್ಲ.

ಹೆಜ್ಜೆ 2: ಮೊಣಕೈಯಲ್ಲಿ ನರ ಮುಟ್ಟಿ, ಬೆರಳಿನ ಮೇಲೆ ಗೆರೆ ಎಳೆಯಿರಿ

ಮೈಯಲ್ಲಿ ನರವನ್ನು ಬೆರಳಿಗೆ ಸಿಗುವ ಹಾಗೆ ಮುಟ್ಟಬಹುದಾದ ಜಾಗ ಕೆಲವೇ. ಅವುಗಳಲ್ಲಿ ಸುಲಭವಾದದ್ದು ಮೊಣಕೈ. ಕೈ ಮಡಚಿ. ಮೊಣಕೈ ತುದಿಯ ಮೂಳೆಗೂ ಒಳಬದಿಯ ಗುಬುಟಿಗೂ ನಡುವೆ ಒಂದು ಸಣ್ಣ ಕಾಲುವೆ ಸಿಗುತ್ತದೆ. ಅಲ್ಲಿ ಬೆರಳಾಡಿಸಿದರೆ ಹಸಿ ದಾರದಂಥದ್ದು ಅತ್ತಿತ್ತ ಜಾರುತ್ತದೆ. ಅದು ಅಲ್ನರ್ ನರ. ಮೆತ್ತಗೆ ಉರುಳಿಸಿ, ಒತ್ತಬೇಡಿ. ಕಿರುಬೆರಳಿನವರೆಗೆ ಜುಮ್ ಅಂದರೆ ಸರಿಯಾದ ಜಾಗ. ಬಾಗಿಲಿಗೆ ಮೊಣಕೈ ತಾಗಿದಾಗ ಕರೆಂಟ್ ಹೊಡೆದ ಹಾಗಾಗುತ್ತದಲ್ಲ, ಅದು ಇದೇ.

ಮುಂದಿನ ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟ. ಉಂಗುರ ಬೆರಳಿನ ಅಂಗೈ ಬದಿಯಲ್ಲಿ, ಉದ್ದಕ್ಕೆ ನಟ್ಟನಡುವೆ ಪೆನ್ನಿನಿಂದ ಗೆರೆ ಎಳೆಯಿರಿ. ಗೆರೆಯಿಂದ ಕಿರುಬೆರಳಿನ ಕಡೆಗಿರುವುದು ಸಾಮಾನ್ಯವಾಗಿ ಅಲ್ನರ್ ನರದ ಸೀಮೆ. ಈಚೆಗಿನ ಅರ್ಧ, ನಡುಬೆರಳು, ತೋರುಬೆರಳು, ಹೆಬ್ಬೆರಳು ಮೀಡಿಯನ್ ನರದ ಸೀಮೆ. ಒಂದೇ ಬೆರಳಿಗೆ ಇಬ್ಬರು ಯಜಮಾನರು, ಜಮೀನಿನ ಬದು ಹಾಕಿದ ಹಾಗೆ. ಕಣ್ಣು ಮುಚ್ಚಿಕೊಳ್ಳಿ, ಜೊತೆಯವರು ಗೆರೆಯ ಎರಡೂ ಕಡೆ ಹತ್ತಿಯಿಂದ ಸವರಲಿ. ಆರೋಗ್ಯವಂತರಿಗೆ ಎರಡೂ ಕಡೆ ಒಂದೇ ಥರ ಗೊತ್ತಾಗುತ್ತದೆ.

ಜೋಮು ಹಿಡಿದಾಗ ಈ ಬದುವಿನ ಬೆಲೆ ತಿಳಿಯುತ್ತದೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಜುಮು ಅಂದು, ಕೈ ಕೊಡವಿದರೆ ಸರಿಹೋಗುವುದಾದರೆ ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿರಬಹುದು. ದಿನಕ್ಕೆರಡು ಸಲ ನಾಲ್ಕಾರು ಹಸುಗಳ ಹಾಲು ಕೈಯಲ್ಲೇ ಕರೆಯುವ ಹೆಂಗಸರಲ್ಲಿ ಇದನ್ನು ಬಹಳ ನೋಡಿದ್ದೇನೆ. ಗರ್ಭಿಣಿಯರಲ್ಲಿ, ಥೈರಾಯ್ಡ್ ಇದ್ದವರಲ್ಲಿ ಕೂಡ. ಕಿರುಬೆರಳು ಮತ್ತು ಅರ್ಧ ಉಂಗುರ ಬೆರಳಾದರೆ ಮೊಣಕೈ ನೋಡಬೇಕು. ಗಂಟೆಗಟ್ಟಲೆ ಕೈ ಮಡಚಿ ಫೋನ್ ಹಿಡಿದುಕೊಳ್ಳುವವರದು ಇದು. ಐದೂ ಬೆರಳು, ಅದೂ ಎರಡೂ ಕೈಯಲ್ಲಾದರೆ ಇವೆರಡರಲ್ಲಿ ಒಂದು ನರದ ಒತ್ತಡವಷ್ಟೇ ಅಲ್ಲದಿರಬಹುದು. ಸಕ್ಕರೆ, ಬಿ12, ಕುತ್ತಿಗೆ ಇವನ್ನೆಲ್ಲ ನೋಡಬೇಕಾಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮೊಣಕೈಯ ಆ ದಾರ ಹಗ್ಗದಷ್ಟು ದಪ್ಪವಾಗಿದ್ದು, ಮೈಮೇಲೆ ಎಲ್ಲಾದರೂ ಬಣ್ಣ ಮಾಸಿದ, ಮುಟ್ಟಿದರೆ ತಿಳಿಯದ ಮಚ್ಚೆ ಇದ್ದರೆ ಕುಷ್ಠದ ಪರೀಕ್ಷೆ ಮಾಡಿಸಲೇಬೇಕು. ಆ ರೋಗಾಣು ಹುಡುಕಿಕೊಂಡು ಹೋಗುವುದೇ ಚರ್ಮವನ್ನೂ ನರವನ್ನೂ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಪೂರ್ತಿ ವಾಸಿಯಾಗುತ್ತದೆ. ತಡ ಮಾಡಿದರೆ ಬೆರಳು ಮಡಚಿಕೊಳ್ಳುವುದನ್ನು ತಿದ್ದಲು ನನ್ನಂಥವರು ವರ್ಷಗಟ್ಟಲೆ ಹೆಣಗಬೇಕಾಗುತ್ತದೆ.

ಹೆಜ್ಜೆ 3: ನರದ ಬೇರು ಹುಡುಕಿ ಬೆನ್ನಿಗೆ ಹೋಗಿ

ಕಿರುಬೆರಳಿನ ನರ ಮೊಣಕೈ ದಾಟಿ, ಕಂಕುಳಲ್ಲಿ ಹಾದು, ಕುತ್ತಿಗೆಯ ಬುಡದಲ್ಲಿ ಬೆನ್ನುಮೂಳೆಗಳ ಸಂದಿಯಿಂದ ಒಳಗೆ ಹೋಗುತ್ತದೆ. ತಲೆ ಬಗ್ಗಿಸಿ ಕುತ್ತಿಗೆಯ ಹಿಂದೆ ಕೈಯಾಡಿಸಿ. ಎಲ್ಲಕ್ಕಿಂತ ಎದ್ದು ಸಿಗುವ ಗುಬುಟು ಸಾಮಾನ್ಯವಾಗಿ ಕುತ್ತಿಗೆಯ ಏಳನೇ ಮೂಳೆ. ಕಿರುಬೆರಳಿನ ಬೇರು ಅದರ ಕೆಳಗಿನ ಸಂದಿಯದ್ದು. ಅದಕ್ಕೇ ಕೈಬೆರಳಿನ ಜೋಮಿಗೆ ಡಾಕ್ಟರು ಕುತ್ತಿಗೆಯ ಎಕ್ಸ್‌ರೇ ಬರೆದುಕೊಟ್ಟರೆ ಅದು ದುಡ್ಡು ಕೀಳುವ ಉಪಾಯವೇ ಆಗಿರಬೇಕೆಂದಿಲ್ಲ.

ಹೀಗೆ ಬೆನ್ನಿನ ಎರಡೂ ಬದಿಗೆ ಹೊರಡುವ ನರಗಳು 31 ಜೊತೆ: ಕುತ್ತಿಗೆಯಲ್ಲಿ 8, ಎದೆಯ ಮಟ್ಟದಲ್ಲಿ 12, ಸೊಂಟದಲ್ಲಿ 5, ಅದರ ಕೆಳಗಿನ ತ್ರಿಕಾಸ್ಥಿಯಲ್ಲಿ 5, ಬಾಲದ ಮೂಳೆಯಲ್ಲಿ 1. ತಲೆಯಿಂದ ನೇರವಾಗಿ ಹೊರಡುವವು ಇನ್ನೂ 12 ಜೊತೆ. ಬೆನ್ನಿನ ಪ್ರತಿ ನರಕ್ಕೂ ಎರಡು ಬೇರು. ಹಿಂದಿನ ಬೇರಿನಿಂದ ಸುದ್ದಿ ಒಳಗೆ ಬರುತ್ತದೆ, ಮುಂದಿನ ಬೇರಿನಿಂದ ಅಪ್ಪಣೆ ಹೊರಗೆ ಹೋಗುತ್ತದೆ. ಪಠ್ಯಪುಸ್ತಕದ ಜ್ಞಾನವಾಹಿ, ಕ್ರಿಯಾವಾಹಿ ಅಂದರೆ ಇಷ್ಟೇ. ಜೋಮು, ಉರಿ, ಮರಗಟ್ಟುವುದು ಒಳಬರುವ ದಾರಿಯ ದೂರು. ಹಿಡಿತ ಬಿಟ್ಟುಹೋಗುವುದು, ಕಾಲು ಎಳೆಯುವುದು ಹೊರಹೋಗುವ ದಾರಿಯ ದೂರು.

ಬೆನ್ನುಮೂಳೆ ಮತ್ತು ಬೆನ್ನುಹುರಿ ಒಂದೇ ಅಲ್ಲ. ಮೂಳೆ ಕೊಳವೆ, ಹುರಿ ಒಳಗಿನ ತಂತಿಗಳ ಕಟ್ಟು. ಕಿರುಬೆರಳಿನಷ್ಟು ದಪ್ಪ, ದೊಡ್ಡವರಲ್ಲಿ ಸುಮಾರು 42ರಿಂದ 45 ಸೆಂ.ಮೀ. ಉದ್ದ. ತಮಾಷೆಯೆಂದರೆ ಅದು ಬೆನ್ನಿನ ಕೊನೆಯವರೆಗೂ ಹೋಗುವುದಿಲ್ಲ. ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಮಟ್ಟದಲ್ಲೇ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಕುದುರೆಯ ಬಾಲದ ಹಾಗೆ ಬಿಡಿ ನರಗಳು ನೀರಿನಲ್ಲಿ ತೇಲುತ್ತಿರುತ್ತವೆ.

ಇದನ್ನು ಅಳೆದು ನೋಡಬಹುದು. ಸೊಂಟದ ಮೇಲೆ ಎರಡೂ ಕೈ ಇಟ್ಟುಕೊಂಡು, ಪಕ್ಕದ ಮೂಳೆಯ ಮೇಲಂಚನ್ನು ಹಿಡಿದು, ಎರಡೂ ಹೆಬ್ಬೆರಳನ್ನು ಹಿಂದೆ ಅಡ್ಡಡ್ಡಕ್ಕೆ ಚಾಚಿ. ಅವು ಸೇರುವುದು ಸುಮಾರಾಗಿ ಸೊಂಟದ ನಾಲ್ಕನೇ ಮೂಳೆಯ ಹತ್ತಿರ. ಹುರಿ ಅದಕ್ಕಿಂತ ಎರಡು ಮೂಳೆ ಮೇಲೆಯೇ ಮುಗಿದಿದೆ. ಸಿಸೇರಿಯನ್‌ಗೆ ಅರಿವಳಿಕೆ ಕೊಡುವಾಗ ವೈದ್ಯರು ಇದೇ ಗುರುತು ಹಿಡಿದು ಆಸುಪಾಸಿನಲ್ಲಿ ಸೂಜಿ ಹಾಕುತ್ತಾರೆ. ‘ಬೆನ್ನಿಗೆ ಚುಚ್ಚಿದ್ರಲ್ಲಾ, ಅವತ್ತಿಂದ ಬೆನ್ನುಹುರಿ ಹೋಯ್ತು’ ಅಂತ ಬರುವ ತಾಯಂದಿರಿಗೆ ನಾನು ಅವರ ಕೈಯಲ್ಲೇ ಈ ಜಾಗ ಹುಡುಕಿಸುತ್ತೇನೆ. ನೋವು ಸುಳ್ಳಲ್ಲ. ಹೆಚ್ಚಾಗಿ ಮಗು ಎತ್ತಿ, ಬಗ್ಗಿ, ನಿದ್ದೆಗೆಟ್ಟು ಬರುವ ಸ್ನಾಯುವಿನ ನೋವು ಅದು. ವ್ಯಾಯಾಮಕ್ಕೆ ಬಗ್ಗುತ್ತದೆ.

ಹೆಜ್ಜೆ 4: ಮಂಡಿ ತಟ್ಟಿ, ಸ್ಕೇಲು ಹಿಡಿಯಿರಿ

ಕಾಲು ನೆಲಕ್ಕೆ ತಾಗದಂತೆ ಎತ್ತರದ ಮೇಜಿನ ಅಂಚಿನಲ್ಲಿ ಕೂತುಕೊಳ್ಳಿ. ಮಂಡಿಚಿಪ್ಪಿನ ಕೆಳಗೆ ಮೆತ್ತನೆ ಪಟ್ಟಿಯೊಂದು ಸಿಗುತ್ತದೆ. ಜೊತೆಯವರು ಅಂಗೈ ಅಂಚಿನಿಂದ ಅಲ್ಲಿ ಚುರುಕಾಗಿ ಒಂದೇಟು ತಟ್ಟಲಿ. ಕಾಲು ತಾನಾಗಿ ಮುಂದಕ್ಕೆ ಚಿಮ್ಮುತ್ತದೆ. ಬರದಿದ್ದರೆ ಎರಡೂ ಕೈಯ ಬೆರಳುಗಳನ್ನು ಕೊಕ್ಕೆ ಹಾಕಿ ಜೋರಾಗಿ ಎಳೆದು ಹಿಡಿಯಿರಿ, ಆಗ ತಟ್ಟಿ ನೋಡಿ. ಆದರೂ ಬರದಿದ್ದರೆ ಅಷ್ಟಕ್ಕೇ ರೋಗ ಎಂದುಕೊಳ್ಳಬೇಡಿ. ತಟ್ಟುವ ಕೈ ಪಳಗಬೇಕು, ನನಗೇ ಕಾಲೇಜಿನಲ್ಲಿ ಒಂದು ವಾರ ಹಿಡಿಯಿತು.

ಆದದ್ದೇನು? ತಟ್ಟಿದಾಗ ತೊಡೆಯ ಸ್ನಾಯು ಎಳೆಯಿತು. ಆ ಸುದ್ದಿ ಸೊಂಟದ ಮಟ್ಟದ ಬೇರಿನಿಂದ ಹುರಿಗೆ ಹೋಯಿತು, ಅಲ್ಲಿಂದಲೇ ‘ಬಿಗಿ’ ಎಂಬ ಅಪ್ಪಣೆ ಮರಳಿತು. ಮೆದುಳನ್ನು ಕೇಳಲಿಲ್ಲ. ಒಂದು ಸೆಕೆಂಡನ್ನು ಇಪ್ಪತ್ತು ಪಾಲು ಮಾಡಿದರೆ ಒಂದು ಪಾಲಿನೊಳಗೆ ಕೆಲಸ ಮುಗಿಯಿತು. ಇದು ಪರಾವರ್ತಿತ ಪ್ರತಿಕ್ರಿಯೆ.

ಈಗ ಮೆದುಳನ್ನೂ ಸೇರಿಸಿಕೊಳ್ಳೋಣ. ಜೊತೆಯವರು ಸ್ಕೇಲನ್ನು ಸೊನ್ನೆ ಕೆಳಗೆ ಬರುವಂತೆ ತೂಗು ಹಿಡಿಯಲಿ. ನಿಮ್ಮ ಬೆರಳು ಸೊನ್ನೆಯ ಎರಡೂ ಬದಿಗೆ, ಮುಟ್ಟದಂತೆ. ಹೇಳದೆ ಕೈಬಿಡಲಿ, ನೀವು ಹಿಡಿಯಿರಿ. 15 ಸೆಂ.ಮೀ. ಹತ್ತಿರ ಹಿಡಿದರೆ ನಿಮಗೆ ಬೇಕಾದ ಹೊತ್ತು ಸುಮಾರು 0.17 ಸೆಕೆಂಡ್. 20ರಲ್ಲಾದರೆ 0.20, 25ರಲ್ಲಾದರೆ 0.23. ಕಣ್ಣು ನೋಡಿ, ಮೆದುಳು ತೀರ್ಮಾನಿಸಿ, ಹುರಿ ಇಳಿದು, ಬೆರಳಿಗೆ ಬರುವುದಕ್ಕೆ ಇಷ್ಟು ಬೇಕು. ಮಂಡಿಯದಕ್ಕಿಂತ ನಾಲ್ಕೈದು ಪಟ್ಟು ತಡ. ರಾತ್ರಿ ನಿದ್ದೆಗೆಟ್ಟ ಮರುದಿನ ಇದೇ ಆಟ ಆಡಿ ಲೆಕ್ಕ ಬರೆದಿಡಿ. ಆಮೇಲೆ ಹೈವೇಯಲ್ಲಿ ಬೈಕ್ ಎಷ್ಟು ದೂರ ಬಿಟ್ಟು ಓಡಿಸಬೇಕು ಎಂದು ಮಕ್ಕಳಿಗೆ ಬೇರೆ ಹೇಳಬೇಕಾಗುವುದಿಲ್ಲ.

ಎಲ್ಲ ನರಗಳ ವೇಗವೂ ಒಂದೇ ಅಲ್ಲ. ಹೊಸ್ತಿಲಿಗೆ ಕಾಲಿನ ಹೆಬ್ಬೆರಳು ಎಡವಿದ ಕ್ಷಣ ನೆನಪಿಸಿಕೊಳ್ಳಿ. ತಾಗಿದ್ದು ತಕ್ಷಣ ತಿಳಿಯುತ್ತದೆ. ‘ಅಯ್ಯೋ, ಈಗ ನೋಯುತ್ತದೆ’ ಅಂದುಕೊಳ್ಳುವಷ್ಟು ಬಿಡುವು ಕೊಟ್ಟು ಆಮೇಲೆ ಆ ಸುಡುವ ನೋವು ಬರುತ್ತದೆ. ದಪ್ಪ ತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿದೆ, ವೈರಿನ ಮೇಲಿನ ಪ್ಲಾಸ್ಟಿಕ್ಕಿನ ಹಾಗೆ. ಅಂಥವುಗಳಲ್ಲಿ ಅತಿ ವೇಗದವು ಸೆಕೆಂಡಿಗೆ 120 ಮೀಟರ್‌ವರೆಗೂ ಓಡುತ್ತವೆ. ಉರಿನೋವು ಹೊತ್ತು ತರುವ ಸಣ್ಣ ತಂತುಗಳಿಗೆ ಹೊದಿಕೆಯಿಲ್ಲ. ಅವು ಸೆಕೆಂಡಿಗೆ ಅರ್ಧದಿಂದ ಎರಡು ಮೀಟರ್, ನಾವು ನಡೆಯುವ ವೇಗ. ಒಂದೇ ಏಟಿಗೆ ಎರಡು ಸುದ್ದಿ, ಒಂದು ಬೈಕಿನಲ್ಲಿ, ಇನ್ನೊಂದು ಕಾಲ್ನಡಿಗೆಯಲ್ಲಿ.

ಹುರಿಯ ಅಪ್ಪಣೆಯನ್ನು ಮೆದುಳು ತಡೆಯಬಲ್ಲದು ಕೂಡ. ಬಿಸಿ ತಾಗಿದರೆ ಕೈ ಹಿಂದಕ್ಕೆ ಬರಬೇಕು, ಅದು ಹುರಿಯ ಕಾನೂನು. ಆದರೆ ಅಮ್ಮ ಕೈ ಒದ್ದೆ ಮಾಡಿಕೊಂಡು ಹೊಗೆಯಾಡುವ ಮುದ್ದೆಯನ್ನು ಉಂಡೆ ಕಟ್ಟುವುದನ್ನು ನೋಡಿ. ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಮನೆಗಳಲ್ಲಿ ಬಿಸಿನೀರಿನ ಬಾಣಲೆಯಿಂದ ಗೂಡಿನ ಎಳೆ ಹುಡುಕುವ ಕೈಗಳನ್ನು ನೋಡಿ. ‘ಇರು, ಬಿಡಬೇಡ’ ಎಂದು ಮೇಲಿನಿಂದ ತಡೆ ಬರುತ್ತಲೇ ಇರುತ್ತದೆ. ಆ ತಡೆ ತಪ್ಪಿದಾಗ ಏನಾಗುತ್ತದೆಂದು ಲಕ್ವದ ರೋಗಿಯ ಬಿಗಿದುಕೊಂಡ ಕೈಕಾಲು ತೋರಿಸುತ್ತದೆ. ಅವರ ಮಂಡಿ ತಟ್ಟಿದರೆ ಕಾಲು ಸಾಮಾನ್ಯಕ್ಕಿಂತ ಜೋರಾಗಿ ಹಾರುತ್ತದೆ.

ಹೆಜ್ಜೆ 5: ತಲೆಯೊಳಗಿನದನ್ನು ಹೊರಗಿನಿಂದ ನೋಡಿ

ಮೆದುಳಿನ ತೂಕ ಸುಮಾರು 1.3ರಿಂದ 1.4 ಕೆ.ಜಿ. ಮೈತೂಕದ ಶೇ. 2ರಷ್ಟೇ ಇದ್ದರೂ ಆಮ್ಲಜನಕದಲ್ಲಿ ಶೇ. 20ರಷ್ಟು ಅದಕ್ಕೇ ಬೇಕು. ಒಳಗೆ ಸುಮಾರು 8,600 ಕೋಟಿ ನರಕೋಶಗಳು. ಈ ಸಂಖ್ಯೆಗಳನ್ನು ಓದುವುದಕ್ಕಿಂತ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮೆದುಳಿನ ಮ್ಯೂಸಿಯಮ್ಮಿಗೆ ಒಮ್ಮೆ ಹೋಗಿಬನ್ನಿ. ಮೊದಲೇ ವಿಚಾರಿಸಿಕೊಂಡು ಹೋದರೆ ಒಳ್ಳೆಯದು. ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿದ ಮಗು ಆ ಪಾಠ ಮರೆಯುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಕೈ ಚಾಚಿ, ಕಣ್ಣು ಮುಚ್ಚಿ, ತೋರುಬೆರಳಿನಿಂದ ಮೂಗಿನ ತುದಿ ಮುಟ್ಟಿ. ನಂತರ ಹೊಲದ ಬದುವಿನ ಮೇಲೆ ನಡೆಯುವಂತೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ಹತ್ತು ಹೆಜ್ಜೆ ನಡೆಯಿರಿ. ಇದನ್ನು ಸರಿತೂಗಿಸುವುದು ತಲೆಯ ಹಿಂಭಾಗ ಕೆಳಗಿರುವ ಅನುಮಸ್ತಿಷ್ಕ. ಕುಡಿದವರ ಕಾಲು ತಪ್ಪುವುದು ಮುಖ್ಯವಾಗಿ ಅದು ಅಮಲೇರಿದ್ದರಿಂದ.

ಹೇರ್‌ಪಿನ್ನಿನ ಎರಡು ತುದಿ ಅರ್ಧ ಸೆಂಟಿಮೀಟರ್ ದೂರ ಇರುವಂತೆ ಬಗ್ಗಿಸಿ. ಬೆರಳ ತುದಿಗೆ ತಾಗಿಸಿದರೆ ಎರಡು ಎಂದು ತಿಳಿಯುತ್ತದೆ. ಅದನ್ನೇ ಬೆನ್ನಿಗೆ ತಾಗಿಸಿದರೆ ಒಂದೇ ಅನ್ನುತ್ತೀರಿ. ಅಲ್ಲಿ ಎರಡು ಎನ್ನಿಸಬೇಕಾದರೆ ನಾಲ್ಕು ಸೆಂಟಿಮೀಟರ್‌ನಷ್ಟು ಅಂತರ ಬೇಕಾದೀತು. ಮೆದುಳಿನ ದೊಡ್ಡ ಮೇಲ್ಭಾಗವಾದ ಮಹಾಮಸ್ತಿಷ್ಕದಲ್ಲಿ ಬೆರಳು, ತುಟಿ, ನಾಲಿಗೆಗೆ ದೊಡ್ಡ ದೊಡ್ಡ ಸೈಟು ಹಂಚಿಕೆಯಾಗಿದೆ, ಇಡೀ ಬೆನ್ನಿಗೆ ಚೂರು ಜಾಗ.

ಮೆದುಳಿನ ಬುಡದಲ್ಲಿ, ಮೆಡುಲ್ಲಾದಲ್ಲಿ, ಅಪ್ಪಣೆಯ ತಂತುಗಳಲ್ಲಿ ಹೆಚ್ಚಿನವು ಎಡಬಲ ಅದಲುಬದಲಾಗುತ್ತವೆ. ಹಾಗಾಗಿ ಎಡ ಮೆದುಳಿಗೆ ಪೆಟ್ಟಾದರೆ ಬಲ ಕೈಕಾಲು ಬೀಳುತ್ತದೆ. ಹೆಚ್ಚಿನವರಲ್ಲಿ ಮಾತಿನ ಜಾಗವೂ ಎಡಕ್ಕೇ ಇರುವುದರಿಂದ ಬಲಗೈಯ ಜೊತೆಗೆ ಮಾತೂ ಹೋಗುತ್ತದೆ. ಹಿಂದಿನ ತಲೆಮಾರಿನವರು ‘ಗಾಳಿ ಬಡಿಯಿತು’ ಎನ್ನುತ್ತಿದ್ದುದು ಇದನ್ನೇ. ಬಡಿದದ್ದು ಗಾಳಿಯಲ್ಲ. ರಕ್ತನಾಳ ಕಟ್ಟಿರುತ್ತದೆ, ಇಲ್ಲವೇ ಒಡೆದಿರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನನ್ನ ಸೋದರಮಾವನಿಗೆ ಒಂದು ಬೆಳಿಗ್ಗೆ ಹಾಲು ಹಾಕಿ ಬರುವಾಗ ಬಾಯಿ ಸೊಟ್ಟಗಾಯಿತು, ಕ್ಯಾನು ಕೈಯಿಂದ ಜಾರಿತು. ಮನೆಯವರು ಆಟೋ ಮಾಡಿಕೊಂಡು ಹೋದದ್ದು ಲಕ್ವಕ್ಕೆ ಸೊಪ್ಪಿನ ರಸ ಹಿಂಡುವವರ ಹತ್ತಿರ. ನನಗೆ ಫೋನ್ ಬಂದದ್ದು ಸಂಜೆ. ಮಾವ ಬದುಕಿದ್ದಾರೆ, ಕೋಲು ಹಿಡಿದು ನಡೆಯುತ್ತಾರೆ, ಬಲಗೈಯಲ್ಲಿ ತುತ್ತು ಕಟ್ಟಲು ಬರುವುದಿಲ್ಲ. ನಾನು ಇದೇ ಕೆಲಸದವಳಾಗಿದ್ದೂ ಮನೆಯವರಿಗೆ ಮುಂಚೆ ಹೇಳಿಕೊಟ್ಟಿರಲಿಲ್ಲ ಎಂಬ ಕೊರಗು ಹೋಗಿಲ್ಲ.

ಆದ್ದರಿಂದ ಈ ಹೆಜ್ಜೆಯನ್ನು ಮನೆಯ ಎಲ್ಲರಿಂದ ಮಾಡಿಸಿ. ನಗಲು ಹೇಳಿ, ಬಾಯಿ ಒಂದು ಕಡೆ ಇಳಿದಿದೆಯೇ ನೋಡಿ. ಎರಡೂ ಕೈ ಚಾಚಿ ಹಿಡಿಯಲು ಹೇಳಿ, ಒಂದು ಜಾರುತ್ತದೆಯೇ ನೋಡಿ. ಒಂದು ವಾಕ್ಯ ಹೇಳಿಸಿ, ತೊದಲುತ್ತದೆಯೇ ಕೇಳಿ. ಒಂದಾದರೂ ಹೊಸದಾಗಿ ಕಂಡರೆ ಗಡಿಯಾರ ನೋಡಿ ಹೊತ್ತು ಬರೆದುಕೊಂಡು 108ಕ್ಕೆ ಫೋನ್ ಮಾಡಿ. ಬಾಯಿಗೆ ನೀರು, ಮಾತ್ರೆ, ರಸ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ದೊಡ್ಡ ನಾಳ ಕಟ್ಟಿದ್ದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂದು ಲೆಕ್ಕ. ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಬೀಳಬೇಕು, ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್ ಇರಬಹುದು, ಕೆ.ಆರ್. ಪುರದ ಟ್ರಾಫಿಕ್ಕನ್ನು ಲೆಕ್ಕಕ್ಕೆ ಹಿಡಿದೇ ಹೊರಡಿ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿ ಗೋಡೆ ಕ್ಯಾಲೆಂಡರಿನ ಮೇಲೆ ಬರೆದಿಡಿ.

ತುರ್ತಲ್ಲದ ತಲೆನೋವು, ಫಿಟ್ಸ್, ಮರೆವಿಗೆ ದೂರ ಹೋಗಲೇಬೇಕೆಂದಿಲ್ಲ. ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ 2022ರಲ್ಲಿ ಮೆದುಳು ಆರೋಗ್ಯ ಕಾರ್ಯಕ್ರಮ ಶುರುಮಾಡಿದಾಗ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ಜಿಲ್ಲಾಸ್ಪತ್ರೆಯಲ್ಲಿ ಅದರ ಕ್ಲಿನಿಕ್ ಕೇಳಿ. ಶ್ರೀನಿವಾಸಪುರದವರಿಗೆ ಇನ್ನೊಂದು ಹೆಮ್ಮೆ: ವಯಸ್ಸಾದಂತೆ ಮೆದುಳು ಹೇಗೆ ಬದಲಾಗುತ್ತದೆ ಎಂದು ತಿಳಿಯಲು ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು ವರ್ಷಗಳಿಂದ ನೋಡುತ್ತಿರುವುದು ಆ ತಾಲ್ಲೂಕಿನ ಹಳ್ಳಿಗಳ 45 ದಾಟಿದ ಜನರನ್ನು. ಮಾವಿನ ಊರಿನ ಹೆಸರು ಹೀಗೂ ಓಡಾಡುತ್ತಿದೆ.

ಹೆಜ್ಜೆ 6: ಟಾರ್ಚು ಹಿಡಿದು, ಕೇಳದೆಯೇ ನಡೆಯುವ ಕೆಲಸ ನೋಡಿ

ಮಬ್ಬು ಬೆಳಕಿನಲ್ಲಿ ಜೊತೆಯವರ ಒಂದು ಕಣ್ಣಿಗೆ ಪಕ್ಕದಿಂದ ಒಂದು ಕ್ಷಣ ಟಾರ್ಚು ಬಿಡಿ. ಪಾಪೆ ಕಿರಿದಾಗುತ್ತದೆ. ಇನ್ನೊಮ್ಮೆ ಬಿಟ್ಟು, ಈ ಸಲ ಬೆಳಕು ಬೀಳದ ಕಣ್ಣನ್ನು ನೋಡಿ. ಅದೂ ಕಿರಿದಾಗುತ್ತದೆ. ಒಂದು ನರ ಸುದ್ದಿ ತಂದರೂ ಅಪ್ಪಣೆ ಎರಡೂ ಕಡೆಗೆ ಹೋಗುತ್ತದೆ. ಇನ್ನು ನಾಡಿ ಹಿಡಿದು ನಿಧಾನವಾಗಿ ಉಸಿರೆಳೆದು ಬಿಡಿ. ಎಳೆಯುವಾಗ ನಾಡಿ ಚುರುಕು, ಬಿಡುವಾಗ ನಿಧಾನ. ಚಿಕ್ಕ ವಯಸ್ಸಿನವರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಇವು ಸ್ವಯಂಚಾಲಿತ ನರಮಂಡಲದ ಕೆಲಸ. ಒಂದು ಬಣ ಎಬ್ಬಿಸುವುದು: ನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಪಾಪೆ ಅಗಲವಾಗುತ್ತದೆ. ಇನ್ನೊಂದು ಬಣ ತಣಿಸುವುದು: ಮುದ್ದೆ ಉಂಡು ಕೂತಾಗ ಜೊಲ್ಲು, ಜೀರ್ಣ, ನಿಧಾನದ ನಾಡಿ.

ಇದನ್ನು ನಮ್ಮ ಕಡೆಯವರು ತಿಳಿದಿರಲೇಬೇಕಾದದ್ದು ಔಷಧಿ ಹೊಡೆಯುವ ಕಾರಣಕ್ಕೆ. ನರದ ತುದಿಗೂ ಮುಂದಿನ ಕೋಶಕ್ಕೂ ನಡುವೆ ಕಣ್ಣಿಗೆ ಕಾಣದ ಸಂದಿಯಿದೆ, ಸಿನಾಪ್ಸ್. ವಿದ್ಯುತ್ತು ಅಲ್ಲಿ ನಿಂತು, ಅಸಿಟೈಲ್‌ಕೋಲಿನ್‌ನಂಥ ರಾಸಾಯನಿಕ ಸಂದಿ ದಾಟುತ್ತದೆ. ದಾಟಿದ ಕೂಡಲೇ ಒಂದು ಕಿಣ್ವ ಅದನ್ನು ಒಡೆದು ಗುಡಿಸಿಹಾಕುತ್ತದೆ. ಟೊಮೆಟೊಗೋ ಕೋಸಿಗೋ ಹೊಡೆಯುವ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು (ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ಇವೆಲ್ಲ ಆ ಗುಂಪು) ಆ ಕಸ ಗುಡಿಸುವವನನ್ನೇ ಕಟ್ಟಿಹಾಕುತ್ತವೆ. ಹುಳುವಿನಲ್ಲೂ ಹಾಗೇ, ಮನುಷ್ಯನಲ್ಲೂ ಹಾಗೇ. ರಾಸಾಯನಿಕ ಗುಡ್ಡೆ ಬೀಳುತ್ತದೆ. ಜೊಲ್ಲು, ಕಣ್ಣೀರು, ಬೆವರು ಸುರಿಯುತ್ತದೆ, ವಾಂತಿ ಭೇದಿಯಾಗುತ್ತದೆ, ಪಾಪೆ ಸಾಸಿವೆ ಕಾಳಾಗುತ್ತದೆ, ಸ್ನಾಯುಗಳು ಅದುರಿ ಸೋಲುತ್ತವೆ, ಕೊನೆಗೆ ಉಸಿರೂ ಸೋಲುತ್ತದೆ.

ಔಷಧಿ ಹೊಡೆದು ಬಂದವರಿಗೆ ಹೀಗೆ ಕಂಡರೆ ಬಿಸಿಲೇಟು ಎಂದು ಮಜ್ಜಿಗೆ ಕೊಟ್ಟು ಮಲಗಿಸಬೇಡಿ. ನೀವು ಕೈಗೆ ಪ್ಲಾಸ್ಟಿಕ್ ಕವರಾದರೂ ಹಾಕಿಕೊಂಡು ಅವರ ಬಟ್ಟೆ ಪೂರ್ತಿ ತೆಗೆಸಿ, ತಲೆಯಿಂದ ಕಾಲಿನವರೆಗೆ ಸೋಪು ನೀರಿನಲ್ಲಿ ತೊಳೆಯಿರಿ. ವಾಂತಿ ಮಾಡಿಸಬೇಡಿ. ಔಷಧಿಯ ಡಬ್ಬಿ ಸಮೇತ ಆಸ್ಪತ್ರೆಗೆ ಹೋಗಿ. ಲೇಬಲ್ ನೋಡಿದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿಯುತ್ತದೆ. ಈ ವಿಷಕ್ಕೆ ಕೊಡುವ ಅಟ್ರೋಪಿನ್ ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುವ ಮದ್ದು.

ನಾಗರಹಾವು, ಕಟ್ಟುಹಾವುಗಳ ವಿಷ ಕೆಲಸ ಮಾಡುವುದೂ ನರ ಸ್ನಾಯುವನ್ನು ಮುಟ್ಟುವ ಇದೇ ಸಂದಿಯಲ್ಲಿ. ಮೊದಲು ಸೋಲುವುದು ಸಾಮಾನ್ಯವಾಗಿ ಕಣ್ಣಿನ ರೆಪ್ಪೆ. ಕಟ್ಟುಹಾವು ಕಚ್ಚಿದ ಗುರುತು ಎಷ್ಟೋ ಸಲ ಕಾಣುವುದೇ ಇಲ್ಲ. ನೆಲದ ಮೇಲೆ ಮಲಗಿದವರು ಬೆಳಗಿನ ಜಾವ ಹೊಟ್ಟೆನೋವು ಎಂದೆದ್ದು, ರೆಪ್ಪೆ ಎತ್ತಲಾಗದೆ ಕೂತರೆ ನಿದ್ದೆಗಣ್ಣು ಅಂದುಕೊಳ್ಳದೆ ಹೊರಡಿ.

ಹೆಜ್ಜೆ 7: ನರ ಒತ್ತುವ ಜಾಗ, ಮತ್ತು ಪಾದ

ಮಂಡಿಯ ಹೊರಬದಿ ಸ್ವಲ್ಪ ಕೆಳಗೆ ಒಂದು ಗುಂಡು ಮೂಳೆ ಸಿಗುತ್ತದೆ. ಅದರ ಕತ್ತನ್ನು ಬಳಸಿಕೊಂಡು ಒಂದು ನರ ಚರ್ಮದ ಕೆಳಗೇ ಹಾದುಹೋಗುತ್ತದೆ. ಪಾದವನ್ನು ಮೇಲಕ್ಕೆತ್ತುವುದು ಅದರ ಕೆಲಸ. ನಾಟಿ, ಕಳೆ, ಕೊಯ್ಲು ಎಂದು ದಿನವಿಡೀ ಕುಕ್ಕರುಗಾಲಲ್ಲಿ ಕೂತವರಿಗೆ ಆ ನರ ಒತ್ತಿ, ಎದ್ದಾಗ ಪಾದ ಜೋತುಬೀಳುತ್ತದೆ, ಚಪ್ಪಲಿ ನೆಲಕ್ಕೆ ಉಜ್ಜುತ್ತದೆ. ಲಕ್ವ ಎಂದು ಅಳುತ್ತಾ ಬಂದ ಅಕ್ಕಂದಿರು ಎಷ್ಟೋ ಮಂದಿ. ಪರೀಕ್ಷೆ ಮಾಡಿಸಿ ಲಕ್ವವಲ್ಲ ಎಂದು ಖಚಿತವಾದ ಮೇಲೆ ಅದಕ್ಕೆ ಮದ್ದು ಕೂರುವ ರೀತಿಯಲ್ಲೇ ಇದೆ: ಕುಳ್ಳ ಮಣೆ ಇಟ್ಟುಕೊಳ್ಳಿ, ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ಒತ್ತಡ ತಪ್ಪಿದರೆ ವಾರಗಳಲ್ಲೋ ತಿಂಗಳುಗಳಲ್ಲೋ ಬಹುತೇಕರಿಗೆ ಸರಿಹೋಗುತ್ತದೆ.

ಪಾವಗಡ, ಬಾಗೇಪಲ್ಲಿ ಕಡೆಯವರು ಇನ್ನೊಂದನ್ನು ಗಮನಿಸಬೇಕು. ಆಳದ ಬೋರಿನ ಫ್ಲೋರೈಡ್ ನೀರು ವರ್ಷಗಟ್ಟಲೆ ಕುಡಿದರೆ ಬೆನ್ನುಮೂಳೆ ಬೆಳೆದು ಹುರಿಯನ್ನೇ ಒತ್ತಬಹುದು. ಬೆನ್ನು ಬಿಗಿದು, ಕಾಲು ನಿಧಾನವಾಗಿ ಸೋಲುತ್ತಾ ಬಂದರೆ ವಯಸ್ಸಾಯಿತು ಎಂದು ತಳ್ಳಿಹಾಕಬೇಡಿ.

ಸಕ್ಕರೆ ಕಾಯಿಲೆ ಇರುವವರ ಪಾದ ಪರೀಕ್ಷೆಗೆ ಬೆರಳೊಂದೇ ಸಾಕು. ಅವರು ಕಣ್ಣು ಮುಚ್ಚಿರಲಿ. ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಮೂರರ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ಕುಟ್ಟಬೇಡಿ. ಎರಡೂ ಕಾಲು ಸೇರಿ ಆರು ಸಲ. ಮುಟ್ಟಿದಾಗಲೆಲ್ಲ ‘ಹೂಂ’ ಅನ್ನಲಿ. ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಡಾಕ್ಟರಿಗೆ ತೋರಿಸಿ, ಅಲ್ಲಿಯವರೆಗೆ ಬರಿಗಾಲಲ್ಲಿ ತಿರುಗಾಡುವುದು ಬೇಡ. ದೇವಸ್ಥಾನದ ಬಿಸಿಲು ಕಾದ ಕಲ್ಲಿನ ಮೇಲೂ. ‘ನರಕ್ಕೆ ಒಂದು ಇಂಜೆಕ್ಷನ್ ಹಾಕಿಸಿಬಿಡಿ’ ಎಂದು ಕೇಳುವವರಿಗೆ: ಬಿ12 ಕಡಿಮೆಯಿದ್ದರೆ ಆ ಕೆಂಪು ಇಂಜೆಕ್ಷನ್ ನಿಜಕ್ಕೂ ಕೆಲಸ ಮಾಡುತ್ತದೆ, ಆದರೆ ರಕ್ತ ಪರೀಕ್ಷೆ ಮೊದಲು.

ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕಾದದ್ದೂ ಒಂದಿದೆ. ಸೊಂಟನೋವಿನ ಜೊತೆ ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಎರಡೂ ಕಾಲು ಸೋತರೆ, ಕುದುರೆಬಾಲದ ನರಗಳು ಒತ್ತಿಹೋಗಿರಬಹುದು. ನಾಚಿಕೊಂಡು ಇದನ್ನು ಹೇಳದೆ ಬರೀ ಸೊಂಟನೋವು ಎನ್ನುವವರೇ ಹೆಚ್ಚು.

ಉಳಿದ ಯಾವ ಜೋಮಿಗಾದರೂ ಡಾಕ್ಟರ ಹತ್ತಿರ ಹೋಗುವ ಮುಂಚೆ ಚೀಟಿಯಲ್ಲಿ ಬರೆದುಕೊಳ್ಳಿ: ಯಾವ ಬೆರಳು, ಬೆರಳಿನ ಯಾವ ಬದಿ, ಹಗಲೋ ರಾತ್ರಿಯೋ, ಬರೀ ಜೋಮೋ ಹಿಡಿತವೂ ಹೋಗಿದೆಯೋ, ಒಂದೇ ಕಡೆಯೋ ಎರಡೂ ಕಡೆಯೋ. ಹೋದ ತಿಂಗಳು ಮಾಲೂರು ಕಡೆಯ ತಾತ ಒಬ್ಬರು ಬಂದರು. ಚೀಟಿ ಇರಲಿಲ್ಲ. ಅಂಗೈ ಚಾಚಿದರು. ಉಂಗುರ ಬೆರಳಿನ ನಡುವೆ ನೆಟ್ಟಗೆ ನೀಲಿ ಗೆರೆ, ಮೊಮ್ಮಗಳು ಎಳೆದುಕೊಟ್ಟದ್ದು. ‘ಇಲ್ಲಿಂದ ಆಚೆಗೆ ಇಲ್ಲ ಕಣಮ್ಮ, ಈಚೆಗೆ ಚೆನ್ನಾಗೈತೆ’ ಅಂದರು. ನಾನು ಅವರ ಮೊಣಕೈ ಮಡಚಿಸಿದೆ.